12 ಎಣಿಸಿದರೆ 14 ಆಗುವುದು ಹೇಗೆ, ಮೇಷ್ಟ್ರೇ?

ಸಾಗರದಿಂದ ಒಂದು ಪತ್ರ ಬಂದಿದೆ. ಬರೆದವರು ನಿವೃತ್ತ ಗಣಿತ ಮೇಷ್ಟ್ರು. ಇನ್‌ಲ್ಯಾಂಡ್ ಲೆಟರಿನ ಮೂಲೆ ಮೂಲೆಯನ್ನೂ ಬಿಡದೆ ತುಂಬಿಸಿದ್ದಾರೆ. ಮುಖ್ಯವಾದ ಭಾಗ ಇದು:

"ನಿಮ್ಮ ಹಳೇ ಹಾಲಿವುಡ್ ವಿಶೇಷಾಂಕದಲ್ಲಿ ಆಸ್ಕರ್ ಪಟ್ಟಿ ಕೊಟ್ಟಿದ್ದೀರಿ. 'ಆಲ್ ಅಬೌಟ್ ಈವ್' ಚಿತ್ರಕ್ಕೆ 14 ನಾಮಿನೇಷನ್ ಎಂದಿದೆ. ಕೆಳಗಿನ ವಿಭಾಗಗಳನ್ನು ಮೂರು ಸಲ ಎಣಿಸಿದೆ, 12 ಮಾತ್ರ ಇವೆ. ಇನ್ನೆರಡು ಎಲ್ಲಿ ಹೋದವು? ವರ್ಷವೂ ಒಂದು ಕಡೆ 1950, ಇನ್ನೊಂದು ಕಡೆ 1951. ಅಷ್ಟೆಲ್ಲ ಬಾಚಿಕೊಂಡ ಚಿತ್ರದ ನಾಯಕಿ ಬೆಟ್ಟಿ ಡೇವಿಸ್‌ಗೆ ಮಾತ್ರ ಪ್ರಶಸ್ತಿ ಇಲ್ಲ. ಅದೇ ಚಿತ್ರದ ಇನ್ನೊಬ್ಬ ನಟಿಯೂ ಕಣದಲ್ಲಿದ್ದುದರಿಂದ ವೋಟು ಒಡೆಯಿತು ಎಂದು ಕೇಳಿದ್ದೇನೆ. ನಿಜವೇ? ಲೆಕ್ಕ ಸಮೇತ ತಿಳಿಸಿ."

ಮೇಷ್ಟ್ರೇ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಪಟ್ಟಿಯ ಎಡಗಡೆ ಇದ್ದದ್ದು ಚಿತ್ರದ ವರ್ಷ, ಬಲಗಡೆ ಇದ್ದದ್ದು ಸಮಾರಂಭದ ವರ್ಷ. ಎರಡಕ್ಕೂ ತಲೆಬರಹ ಹಾಕಲು ಮರೆತೆವು. ಪ್ರೂಫ್ ನೋಡಿದವನು ನಾನೇ, ಹಾಗಾಗಿ ಬೈಗುಳ ನನಗೇ ಇರಲಿ.

ಚಿತ್ರ ತೆರೆಗೆ ಬಂದದ್ದು 1950ರ ಅಕ್ಟೋಬರಿನಲ್ಲಿ. ಪ್ರಶಸ್ತಿ ಕೊಟ್ಟದ್ದು 1951ರ ಮಾರ್ಚ್ 29ರಂದು, ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರಿನಲ್ಲಿ. ವರ್ಷದ ಈ ಲೆಕ್ಕ ಆಗ ನಿಲ್ಲುತ್ತಿದ್ದುದು ಒಂದು ಊರಿನ ಮೇಲೆ. ಚಿತ್ರ ಲಾಸ್ ಏಂಜಲೀಸ್‌ನಲ್ಲಿ ಯಾವ ವರ್ಷ ತೆರೆಕಂಡಿತೋ ಆ ವರ್ಷದ ಸಾಲಿಗೆ ಸೇರಿತು. 'ಸ್ಯಾಮ್ಸನ್ ಆ್ಯಂಡ್ ಡಿಲೈಲಾ' ನ್ಯೂಯಾರ್ಕಿನಲ್ಲಿ 1949ರ ಡಿಸೆಂಬರಿನಲ್ಲೇ ಬಂದಿತ್ತು. ಲಾಸ್ ಏಂಜಲೀಸಿಗೆ ಬಂದದ್ದು ಮರುವರ್ಷ. ಹಾಗಾಗಿ ಅದೂ 1950ರ ಸಾಲಿಗೇ ಬಿತ್ತು.

ಇದರ ಪರಮಾವಧಿ ಚಾಪ್ಲಿನ್‌ರ 'ಲೈಮ್‌ಲೈಟ್'. 1952ರ ಚಿತ್ರ. ಆ ವರ್ಷ ಚಾಪ್ಲಿನ್ ಲಂಡನ್ನಿಗೆ ಹಡಗು ಹತ್ತಿದ ಮೇಲೆ ಅಮೆರಿಕ ಸರ್ಕಾರ ಅವರ ಮರುಪ್ರವೇಶದ ಪರವಾನಗಿ ರದ್ದು ಮಾಡಿತು. ಕಮ್ಯುನಿಸ್ಟ್ ಎಂಬ ಗುಮಾನಿ. ಲಾಸ್ ಏಂಜಲೀಸಿನ ಥಿಯೇಟರುಗಳು ಚಿತ್ರ ಹಾಕಲಿಲ್ಲ. 1972ರಲ್ಲಿ ಅಲ್ಲಿ ಕೊನೆಗೂ ತೆರೆಕಂಡಿತು, 1973ರಲ್ಲಿ ಸಂಗೀತಕ್ಕೆ ಆಸ್ಕರ್ ಬಂತು. 20 ವರ್ಷ ಹಳೆಯ ಚಿತ್ರ ಹೊಸ ಚಿತ್ರಗಳ ಜೊತೆ ನಿಂತು ಗೆದ್ದಿತು. ನಮ್ಮ ಪಟ್ಟಿಯಲ್ಲಿ ಇದನ್ನು ಎಲ್ಲಿ ಕೂರಿಸಬೇಕು ಎಂದು ಅರ್ಧ ದಿನ ಜಗಳ ಆಡಿದ್ದೆವು.

ಈಗ ನಿಮ್ಮ 12. ನಿಮ್ಮ ಎಣಿಕೆ ಸರಿ, ನಮ್ಮ 14 ಕೂಡ ಸರಿ. ವಿಭಾಗ 12, ಹೆಸರು 14. ನಾಯಕಿ ವಿಭಾಗದಲ್ಲಿ ಬೆಟ್ಟಿ ಡೇವಿಸ್ ಮತ್ತು ಆ್ಯನ್ ಬ್ಯಾಕ್ಸ್ಟರ್, ಇಬ್ಬರು. ಪೋಷಕ ನಟಿ ವಿಭಾಗದಲ್ಲಿ ಸೆಲೆಸ್ಟ್ ಹೋಮ್ ಮತ್ತು ಥೆಲ್ಮಾ ರಿಟರ್, ಮತ್ತಿಬ್ಬರು. ನೀವು ಹುಡುಕುತ್ತಿದ್ದ ಎರಡು ಅಲ್ಲಿ ಕೂತಿವೆ. ಅಂದರೆ ಆ ರಾತ್ರಿ ಎಲ್ಲವನ್ನೂ ಗೆದ್ದಿದ್ದರೂ ಚಿತ್ರಕ್ಕೆ 12ಕ್ಕಿಂತ ಜಾಸ್ತಿ ಬರುವಂತಿರಲಿಲ್ಲ, ಯಾವುದಾದರೂ ವಿಭಾಗದಲ್ಲಿ ಸಮ ಆಗದ ಹೊರತು. 14 ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ನಮ್ಮಂಥವರು ಇದನ್ನು ಹೇಳುವುದೇ ಇಲ್ಲ. ಆ 14ರ ಸಂಖ್ಯೆಯನ್ನು 1998ರಲ್ಲಿ 'ಟೈಟಾನಿಕ್' ಬಂದು ಸರಿಗಟ್ಟುವ ತನಕ 47 ವರ್ಷ ಯಾರೂ ಮುಟ್ಟಲಿಲ್ಲ.

ಗೆದ್ದದ್ದು 6. ಅತ್ಯುತ್ತಮ ಚಿತ್ರ, ಪೋಷಕ ನಟ ಜಾರ್ಜ್ ಸ್ಯಾಂಡರ್ಸ್, ನಿರ್ದೇಶನ ಮತ್ತು ಚಿತ್ರಕತೆ ಎರಡೂ ಜೋಸೆಫ್ ಮ್ಯಾಂಕಿವಿಟ್ಜ್ ಪಾಲಿಗೆ. ಹಿಂದಿನ ವರ್ಷವೂ ಇದೇ ಎರಡನ್ನು ಅವರು ಬೇರೊಂದು ಚಿತ್ರಕ್ಕೆ ಮನೆಗೆ ಒಯ್ದಿದ್ದರು. ಐದನೆಯದು ಧ್ವನಿಮುದ್ರಣಕ್ಕೆ. ಆ ಪ್ರಶಸ್ತಿ ಕೊಡಲು ವೇದಿಕೆಗೆ ಬಂದ ಹುಡುಗಿ ಅದೇ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ್ದವಳು. ಹೆಸರು ಮರ್ಲಿನ್ ಮನ್ರೋ.

ಆರನೆಯದು ಕಪ್ಪು ಬಿಳುಪು ಚಿತ್ರದ ಉಡುಪು ವಿನ್ಯಾಸಕ್ಕೆ. ಆಗ ಕಲರ್‌ಗೇ ಬೇರೆ, ಕಪ್ಪು ಬಿಳುಪಿಗೇ ಬೇರೆ ಪ್ರಶಸ್ತಿ. ಎಡಿತ್ ಹೆಡ್ ಅಂದು ಎರಡರಲ್ಲೂ ಪಾಲು ಪಡೆದರು, ಇಲ್ಲಿ ಇದಕ್ಕೆ, ಅಲ್ಲಿ 'ಸ್ಯಾಮ್ಸನ್'ಗೆ. ಪಾರ್ಟಿ ದೃಶ್ಯದಲ್ಲಿ ಡೇವಿಸ್ ತೊಟ್ಟ ಗೌನ್ ನೆನಪಿದೆಯಾ? ಭುಜದಿಂದ ಜಾರಿದಂತಿರುವುದು? ಎಡಿತ್ ಹೆಡ್ ಹೇಳಿಕೊಂಡಿರುವ ಪ್ರಕಾರ ಅದು ಅಳತೆ ತಪ್ಪಿದ ಗೌನ್. ಕುತ್ತಿಗೆ ಚೌಕವಾಗಿ ಬರಬೇಕಿತ್ತು. ಶೂಟಿಂಗ್ ದಿನ ಹಾಕಿ ನೋಡಿದರೆ ಮೇಲ್ಭಾಗ ದೊಗಳೆ. ಇವರಿಗೆ ಜೀವ ಬಾಯಿಗೆ ಬಂತು. ಡೇವಿಸ್ ಕನ್ನಡಿ ನೋಡಿಕೊಂಡು, ಕುತ್ತಿಗೆಯನ್ನು ಇನ್ನೂ ಕೆಳಗೆ ಎಳೆದು, ಒಂದು ಭುಜ ಕುಣಿಸಿ, ಹೀಗೇ ಚೆನ್ನಾಗಿದೆ ಅಂದರಂತೆ. ಆಸ್ಕರ್ ಗೆದ್ದ ಬಟ್ಟೆಗಳಲ್ಲಿ ಜನ ಮರೆಯದೆ ಇರುವುದು ಆ ಅಳತೆ ತಪ್ಪಿದ್ದನ್ನೇ.

ಒಂದೇ ಚಿತ್ರದ ಇಬ್ಬರು ಒಂದೇ ವಿಭಾಗದಲ್ಲಿ ನಿಲ್ಲುವ ತಲೆನೋವು ಆಸ್ಕರ್ ಕೊಡುವ ಅಕಾಡೆಮಿಗೆ ಹೊಸದಲ್ಲ. 1935ರ ಚಿತ್ರಗಳ ಸಾಲಿನಲ್ಲಿ 'ಮ್ಯೂಟಿನಿ ಆನ್ ದ ಬೌಂಟಿ'ಯ ಮೂವರು ನಟರು, ಕ್ಲಾರ್ಕ್ ಗೇಬಲ್, ಚಾರ್ಲ್ಸ್ ಲಾಟನ್, ಫ್ರಾಂಚೋಟ್ ಟೋನ್, ನಾಯಕ ನಟ ವಿಭಾಗಕ್ಕೆ ಬಂದರು. ಗೆದ್ದದ್ದು ಬೇರೆ ಚಿತ್ರದ ವಿಕ್ಟರ್ ಮೆಕ್ಲಾಗ್ಲೆನ್. ಮರುವರ್ಷವೇ ಪೋಷಕ ನಟ, ನಟಿ ಎಂಬ ವಿಭಾಗ ಹುಟ್ಟಿತು. ಆದರೆ ಮೊದಲ ಕೆಲವು ವರ್ಷ ಪೋಷಕ ನಟ ನಟಿಯರಿಗೆ ಆಸ್ಕರ್ ಬೊಂಬೆ ಇಲ್ಲ, ಬರೀ ಫಲಕ. ಪಂಕ್ತಿಭೇದ ಅಂದರೆ ಇದೇ ಅಲ್ವಾ?

1944ರ 'ಗೋಯಿಂಗ್ ಮೈ ವೇ'ಯಲ್ಲಿ ಇನ್ನೂ ತಮಾಷೆ. ಬ್ಯಾರಿ ಫಿಟ್ಜ್‌ಜೆರಾಲ್ಡ್ ಒಂದೇ ಪಾತ್ರಕ್ಕೆ ನಾಯಕ ವಿಭಾಗದಲ್ಲೂ ಪೋಷಕ ವಿಭಾಗದಲ್ಲೂ ನಾಮಿನೇಟ್ ಆದರು. ಪೋಷಕದಲ್ಲಿ ಗೆದ್ದರು. ಇನ್ನು ಮುಂದೆ ಹೀಗೆ ಆಗಕೂಡದು ಎಂದು ಅಕಾಡೆಮಿ ನಿಯಮ ತಿದ್ದಿತು. ಯುದ್ಧಕಾಲ, ಲೋಹ ಸಿಗದೆ ಬೊಂಬೆಗಳನ್ನು ಪ್ಲಾಸ್ಟರಿನಲ್ಲಿ ಮಾಡುತ್ತಿದ್ದರು. ಫಿಟ್ಜ್‌ಜೆರಾಲ್ಡ್ ಮನೆಯಲ್ಲಿ ಗಾಲ್ಫ್ ಅಭ್ಯಾಸ ಮಾಡುತ್ತಾ ಕೋಲು ಬೀಸಿದ ಹೊಡೆತಕ್ಕೆ ಬೊಂಬೆಯ ತಲೆ ಹಾರಿಹೋಯಿತು.

ಸರಿ, ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಪಂಚಾಯಿತಿ ಚುನಾವಣೆಯಲ್ಲಿ ಅಣ್ಣ ತಮ್ಮ ಇಬ್ಬರೂ ನಿಂತು ಮೂರನೆಯವನು ಗೆದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಆಸ್ಕರ್‌ನ ನಟನೆಯ ವಿಭಾಗಗಳಲ್ಲೂ ಕೊನೆಯ ಮತದಾನ ಹಾಗೇ. ಐದು ಹೆಸರು, ಒಂದಕ್ಕೆ ಗುರುತು, ಜಾಸ್ತಿ ಬಿದ್ದವರು ಗೆದ್ದರು. ಅರ್ಧಕ್ಕಿಂತ ಜಾಸ್ತಿ ಬೇಕೆಂದೇನೂ ಇಲ್ಲ. ಆ ವರ್ಷದ ಐದು ಹೆಸರು: ಡೇವಿಸ್, ಬ್ಯಾಕ್ಸ್ಟರ್, 'ಸನ್‌ಸೆಟ್ ಬುಲೆವಾರ್ಡ್'ನ ಗ್ಲೋರಿಯಾ ಸ್ವಾನ್ಸನ್, 'ಕೇಜ್ಡ್'ನ ಎಲೀನರ್ ಪಾರ್ಕರ್, 'ಬಾರ್ನ್ ಯೆಸ್ಟರ್‌ಡೇ'ಯ ಜೂಡಿ ಹಾಲಿಡೇ. ಗೆದ್ದವರು ಹಾಲಿಡೇ.

ಬೋರ್ಡಿನ ಮೇಲೆ ಬರೆಯುವ ಹಾಗೆ 100 ವೋಟು ಎಂದಿಟ್ಟುಕೊಳ್ಳಿ. ಹಾಲಿಡೇ 30, ಡೇವಿಸ್ 27, ಸ್ವಾನ್ಸನ್ 20, ಬ್ಯಾಕ್ಸ್ಟರ್ 18, ಪಾರ್ಕರ್ 5. ಬ್ಯಾಕ್ಸ್ಟರ್ ಇಲ್ಲದಿದ್ದರೆ ಅವರ 18ರಲ್ಲಿ ಹೆಚ್ಚಿನವು ಡೇವಿಸ್ ಕಡೆ ಬಂದು ಅವರು ಗೆಲ್ಲುತ್ತಿದ್ದರು. ಇನ್ನೊಂದು ಲೆಕ್ಕ: ಹಾಲಿಡೇ 36, ಸ್ವಾನ್ಸನ್ 30, ಡೇವಿಸ್ 22, ಬ್ಯಾಕ್ಸ್ಟರ್ 6, ಪಾರ್ಕರ್ 6. ಈಗ ಈವ್ ಚಿತ್ರದ ಇಬ್ಬರನ್ನೂ ಕೂಡಿಸಿದರೆ 28. ಹಾಲಿಡೇ ಇರಲಿ, ಸ್ವಾನ್ಸನ್‌ರನ್ನೂ ಮುಟ್ಟುವುದಿಲ್ಲ. ಎರಡೂ ನಾನು ಸುಮ್ನೆ ಬರೆದ ಅಂಕಿಗಳು. ಯಾವುದು ನಿಜಕ್ಕೆ ಹತ್ತಿರ? ಹೇಳಲು ಬರುವುದಿಲ್ಲ. ಯಾಕೆಂದರೆ 1930ರ ದಶಕದಿಂದ ವೋಟು ಎಣಿಸುತ್ತಿರುವ ಲೆಕ್ಕಪರಿಶೋಧಕರು ಯಾರಿಗೆ ಎಷ್ಟು ಬಿತ್ತು ಎಂದು ಹೊರಗೆ ಬಿಡುವುದಿಲ್ಲ. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಸಮಾರಂಭಕ್ಕೆ ಮೊದಲೇ ವಿಜೇತರ ಹೆಸರು ಅಚ್ಚು ಹಾಕಿಬಿಟ್ಟಿತು. ಮರುವರ್ಷದಿಂದ ಮೊಹರು ಮಾಡಿದ ಲಕೋಟೆ ಬಂತು. ಆ ಲಕೋಟೆಯಲ್ಲೂ ಇರುವುದು ಬರೀ ಹೆಸರು.

ಹಾಗಾಗಿ 'ವೋಟು ಒಡೆಯಿತು' ಎನ್ನುವುದು ಮತಪೆಟ್ಟಿಗೆ ನೋಡಿದವರು ಹೇಳಿದ್ದಲ್ಲ. ಸೋತವರ ಕಡೆಯವರು ಕಟ್ಟಿಕೊಂಡ ಸಮಾಧಾನ.

ಹಾಗಂತ ಗುಮಾನಿಗೆ ಆಧಾರವೇ ಇಲ್ಲ ಎಂದೂ ಅನ್ನಲಾರೆ. 1953ರ ಸಾಲಿನಲ್ಲಿ 'ಫ್ರಮ್ ಹಿಯರ್ ಟು ಎಟರ್ನಿಟಿ' 13 ನಾಮಿನೇಷನ್‌ಗೆ 8 ಗೆದ್ದಿತು. ಆದರೆ ನಾಯಕ ನಟರಾಗಿ ನಿಂತ ಬರ್ಟ್ ಲ್ಯಾಂಕಾಸ್ಟರ್, ಮಾಂಟ್ಗೊಮರಿ ಕ್ಲಿಫ್ಟ್ ಇಬ್ಬರೂ ಸೋತರು. ಮರುವರ್ಷ 'ಆನ್ ದ ವಾಟರ್‌ಫ್ರಂಟ್' 12ಕ್ಕೆ 8. ಪೋಷಕ ನಟ ವಿಭಾಗದ ಐವರಲ್ಲಿ ಮೂವರು ಅದರವರೇ. ಮೂವರನ್ನೂ ದಾಟಿ ಬೇರೆ ಚಿತ್ರದ ಎಡ್ಮಂಡ್ ಓಬ್ರಿಯನ್ ಗೆದ್ದರು. 1957ರ 'ಪೇಟನ್ ಪ್ಲೇಸ್'ಗೆ 9 ನಾಮಿನೇಷನ್, ಎರಡೂ ಪೋಷಕ ವಿಭಾಗಗಳಲ್ಲಿ ಇಬ್ಬಿಬ್ಬರು. ಗೆದ್ದದ್ದು ಸೊನ್ನೆ. ಪಾಪ.

ಇಷ್ಟು ಓದಿ ನೀವು ಪ್ರಮೇಯ ಸಿದ್ಧವಾಯಿತು ಎಂದು ಬರೆಯಲು ಹೊರಟರೆ, ಸ್ವಲ್ಪ ತಡೆಯಿರಿ. 'ಗಾನ್ ವಿತ್ ದ ವಿಂಡ್'ನಲ್ಲಿ ಒಲಿವಿಯಾ ಡಿ ಹ್ಯಾವಿಲೆಂಡ್ ಮತ್ತು ಹ್ಯಾಟಿ ಮೆಕ್‌ಡೇನಿಯಲ್ ಇಬ್ಬರೂ ಪೋಷಕ ನಟಿ ಕಣದಲ್ಲಿದ್ದರು. ಮೆಕ್‌ಡೇನಿಯಲ್ ಗೆದ್ದರು, ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಆದರು. ಆ ರಾತ್ರಿ ಅವರನ್ನು ಚಿತ್ರತಂಡದ ಜೊತೆ ಕೂರಿಸಲಿಲ್ಲ, ಗೋಡೆ ಬದಿಯ ಬೇರೆ ಟೇಬಲ್ ಕೊಟ್ಟಿದ್ದರು. ಕೈಗೆ ಸಿಕ್ಕಿದ್ದು ಮೇಲೆ ಹೇಳಿದ ಫಲಕವೇ. 1942ರ 'ಮಿಸೆಸ್ ಮಿನಿವರ್'ನಲ್ಲೂ ಇಬ್ಬರಿದ್ದರು, ತೆರೆಸಾ ರೈಟ್ ಗೆದ್ದರು. 1961ರ 'ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್'ನಲ್ಲಿ ಸ್ಪೆನ್ಸರ್ ಟ್ರೇಸಿಯಂಥ ಘಟಾನುಘಟಿ ಅದೇ ವಿಭಾಗದಲ್ಲಿದ್ದರೂ ಮ್ಯಾಕ್ಸಿಮಿಲಿಯನ್ ಶೆಲ್ ಗೆದ್ದರು. ಇಬ್ಬರು ನಿಂತರೆ ಇಬ್ಬರೂ ಸೋಲುತ್ತಾರೆ ಅನ್ನುವ ನಿಯಮ ಇಲ್ಲಿಗೆ ಮುರಿದುಬಿತ್ತು.

ನನ್ನ ಅನುಮಾನವೇ ಬೇರೆ. ವೋಟು ಒಡೆದಿದ್ದರೆ ಅದು ಡೇವಿಸ್ ಮತ್ತು ಸ್ವಾನ್ಸನ್ ನಡುವೆ. ಚಿತ್ರ ಬೇರೆ, ಆದರೆ ಪಾತ್ರ ನೋಡಿ. ಒಬ್ಬಳು ವಯಸ್ಸಾಗುತ್ತಿದೆ ಎಂದು ಹೆದರಿದ ನಾಟಕದ ತಾರೆ, ಇನ್ನೊಬ್ಬಳು ಕಾಲ ತನ್ನನ್ನು ಮರೆತಿದೆ ಎಂದು ಒಪ್ಪದ ಮೂಕಿಚಿತ್ರದ ತಾರೆ. ಒಬ್ಬರನ್ನು ಮೆಚ್ಚುವ ಮತದಾರ ಇನ್ನೊಬ್ಬರನ್ನೂ ಮೆಚ್ಚಿಯಾನು. ಮಾಡಿದವರ ಬದುಕೂ ಹಾಗೇ ಇತ್ತು. ಸ್ವಾನ್ಸನ್ ನಿಜಕ್ಕೂ ಮೂಕಿಚಿತ್ರಗಳ ರಾಣಿಯಾಗಿದ್ದವರು, ಮೊದಲ ವರ್ಷದ ಆಸ್ಕರ್‌ಗೇ ನಾಮಿನೇಟ್ ಆಗಿದ್ದವರು. ಡೇವಿಸ್‌ಗೆ ಈ ಪಾತ್ರ ಬಂದದ್ದೂ ಕ್ಲಾಡೆಟ್ ಕೋಲ್ಬರ್ಟ್ ಬೆನ್ನಿಗೆ ಪೆಟ್ಟಾಗಿ ಹಿಂದೆ ಸರಿದ ಮೇಲೆ. 1934ರ ಸಾಲಿನ ಆಸ್ಕರ್‌ನಲ್ಲಿ ಡೇವಿಸ್ ಹೆಸರನ್ನು ಪಟ್ಟಿಗೆ ಸೇರಿಸಲಿಲ್ಲ ಎಂದು ದೊಡ್ಡ ಗಲಾಟೆ ಎದ್ದಿತ್ತಲ್ಲ, ಆ ಸಲ ಗೆದ್ದವರು ಇದೇ ಕೋಲ್ಬರ್ಟ್.

ಈ ಲೆಕ್ಕಾಚಾರದಲ್ಲಿ ಎಲ್ಲರೂ ಮರೆಯುವುದು ಗೆದ್ದವರನ್ನು. ಹಾಲಿಡೇ ಗೆದ್ದದ್ದು ಆಕಸ್ಮಿಕ ಎಂಬಂತೆ ಬರೆಯುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. 'ಬಾರ್ನ್ ಯೆಸ್ಟರ್‌ಡೇ' ಮೊದಲು ಬ್ರಾಡ್‌ವೇ ನಾಟಕ, ಅಂದರೆ ನ್ಯೂಯಾರ್ಕಿನ ರಂಗಭೂಮಿಯದು. ಅಲ್ಲಿ ಆ ಪಾತ್ರವನ್ನು ಮಾಡಿ ಹೆಸರಾದವರು ಅವರೇ. ನಾಯಕಿ ಜೀನ್ ಆರ್ಥರ್ ನಡುವೆ ಬಿಟ್ಟುಹೋದಾಗ ಮೂರು ದಿನದಲ್ಲಿ ಪಾತ್ರ ಕಲಿತು ವೇದಿಕೆ ಹತ್ತಿದ್ದರು. ಅಷ್ಟಾದರೂ, ನಾಟಕದ ಹಕ್ಕಿಗೆ 10 ಲಕ್ಷ ಡಾಲರ್ ಸುರಿದ ಕೊಲಂಬಿಯಾ ಸ್ಟುಡಿಯೋದ ಹ್ಯಾರಿ ಕೋನ್‌ಗೆ ಇವರು ಬೇಡವಾಗಿದ್ದರು. ಕ್ಯಾಥರೀನ್ ಹೆಪ್‌ಬರ್ನ್, ಟ್ರೇಸಿ, ನಿರ್ದೇಶಕ ಜಾರ್ಜ್ ಕ್ಯೂಕರ್ ಸೇರಿ 'ಆ್ಯಡಮ್ಸ್ ರಿಬ್'ನಲ್ಲಿ ಇವರಿಗೆ ಒಳ್ಳೆಯ ಪಾತ್ರ ಕೊಟ್ಟು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದರು. ಆಮೇಲೆ ಕೋನ್ ಮಣಿದರು.

'ಬಾರ್ನ್ ಯೆಸ್ಟರ್‌ಡೇ'ಯಲ್ಲಿ ಇಸ್ಪೀಟಿನ ದೃಶ್ಯವೊಂದಿದೆ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಹಾಲಿಡೇ ಮತ್ತು ಬ್ರಾಡ್ರಿಕ್ ಕ್ರಾಫರ್ಡ್ ಎದುರುಬದುರು ಕೂತು ರಮ್ಮಿ ಆಡುತ್ತಾರೆ. ಕ್ರಾಫರ್ಡ್ ಹಿಂದಿನ ವರ್ಷದ ನಾಯಕ ನಟ ಆಸ್ಕರ್ ಗೆದ್ದ ಆಸಾಮಿ, ದೇಹವೂ ಬಾಯಿಯೂ ದೊಡ್ಡದು. ಹೆಚ್ಚು ಮಾತಿಲ್ಲ. ಅವಳು ಎಲೆಗಳನ್ನು ಒಂದೊಂದಾಗಿ ಎತ್ತಿ ಅತ್ತ ಸಿಕ್ಕಿಸುತ್ತಾಳೆ, ಇತ್ತ ಸಿಕ್ಕಿಸುತ್ತಾಳೆ, ಗಂಟಲಲ್ಲೇ ಏನೋ ಗುನುಗುತ್ತಾಳೆ. ದಡ್ಡಿ ಎಂದು ಎಲ್ಲರೂ ಅಂದುಕೊಂಡ ಹೆಂಗಸು ಅವನನ್ನು ಸೋಲಿಸುತ್ತಾಳೆ. ಮತ್ತೆ ಸೋಲಿಸುತ್ತಾಳೆ. ಅವಳ ಮುಖದಲ್ಲಿ ಗೆದ್ದ ಖುಷಿಯೂ ಇಲ್ಲ, ಸೊಪ್ಪು ಸೋಸುವವರ ಮುಖದ ಹಾಗಿದೆ. ನಮಗೆ ನಗು ಬರುವ ಹೊತ್ತಿಗೆ ಗೊತ್ತಾಗಿರುತ್ತದೆ, ಇವಳು ದಡ್ಡಿ ಅಲ್ಲವೇ ಅಲ್ಲ ಎಂದು. ಇಂಥ ನಟನೆಗೆ ವೋಟು ಬೀಳಲು ಬೇರೆಯವರ ವೋಟು ಒಡೆಯಬೇಕಾ?

ಪ್ರಶಸ್ತಿ ಘೋಷಣೆಯಾದಾಗ ಹಾಲಿಡೇ ಹಾಲಿವುಡ್‌ನಲ್ಲಿ ಇರಲಿಲ್ಲ. ನ್ಯೂಯಾರ್ಕಿನ ಒಂದು ರೆಸ್ಟೋರೆಂಟಿನಲ್ಲಿ ರೇಡಿಯೋ ಕೇಳುತ್ತಾ ಕೂತಿದ್ದರು. ಜೊತೆಗೆ ನಾಯಕ ನಟ ಪ್ರಶಸ್ತಿ ಗೆದ್ದ ಹೋಸೆ ಫೆರರ್. ಇನ್ನೊಬ್ಬರು ಯಾರು ಗೊತ್ತಾ? ಗ್ಲೋರಿಯಾ ಸ್ವಾನ್ಸನ್. ಎರಡು ದಿನದ ಹಿಂದಷ್ಟೇ 52 ತುಂಬಿತ್ತು. 29 ವರ್ಷದ ಹುಡುಗಿಯ ಹೆಸರು ರೇಡಿಯೋದಲ್ಲಿ ಬಂದಾಗ ಇವರು ಅದೇ ಕೋಣೆಯಲ್ಲಿದ್ದರು. 'ಸನ್‌ಸೆಟ್ ಬುಲೆವಾರ್ಡ್'ಗೆ 11 ನಾಮಿನೇಷನ್, ನಟನೆಯ ನಾಲ್ಕೂ ವಿಭಾಗದಲ್ಲಿ ಒಬ್ಬೊಬ್ಬರು. ನಾಲ್ವರೂ ಬರಿಗೈ. ಅಲ್ಲಿ ವಿಭಾಗಕ್ಕೆ ಒಬ್ಬರೇ ಇದ್ದರಲ್ಲ ಮೇಷ್ಟ್ರೇ, ಆ ಸೋಲಿಗೆ ಏನು ಕಾರಣ ಹೇಳುತ್ತೀರಿ?

ಬ್ಯಾಕ್ಸ್ಟರ್ ವಿಷಯ ಒಂದು ಉಳಿಯಿತು. ಪೋಷಕ ನಟಿಯ ಆಸ್ಕರ್ ಅವರ ಬಳಿ ಆಗಲೇ ಒಂದಿತ್ತು, 1946ರದ್ದು. ಈವ್ ಪಾತ್ರ ಎಂದರೆ ಹಿರಿಯ ನಟಿಯ ನೆರಳಾಗಿ ಬಂದು ಅವಳ ಜಾಗಕ್ಕೇ ಕಣ್ಣು ಹಾಕುವ ಹುಡುಗಿ. 1971ರಲ್ಲಿ ಅದೇ ಕತೆಯ ಸಂಗೀತ ನಾಟಕ ಬ್ರಾಡ್‌ವೇಯಲ್ಲಿ ನಡೆಯುತ್ತಿದ್ದಾಗ ಹಿರಿಯ ನಟಿಯ ಪಾತ್ರದಿಂದ ಲಾರೆನ್ ಬಕಾಲ್ ಹೊರಟರು. ಆ ಜಾಗಕ್ಕೆ ಬಂದವರು ಆ್ಯನ್ ಬ್ಯಾಕ್ಸ್ಟರ್.

ಪಟ್ಟಿಯನ್ನು ತಿದ್ದಿ ಮುಂದಿನ ಸಂಚಿಕೆಯಲ್ಲಿ ಮತ್ತೆ ಹಾಕುತ್ತೇವೆ. ವಿಭಾಗ, ಹೆಸರು, ಚಿತ್ರದ ವರ್ಷ, ಸಮಾರಂಭದ ವರ್ಷ, ನಾಲ್ಕಕ್ಕೂ ಬೇರೆ ಬೇರೆ ಕಾಲಮ್ಮು, ತಲೆಬರಹ ಸಮೇತ. ಮುದ್ರಣಕ್ಕೆ ಹೋಗುವ ಮೊದಲು ಒಂದು ಪ್ರತಿ ನಿಮಗೆ ಕಳಿಸಲೇ? ಮೂರು ಸಲ ಎಣಿಸುವವರು ನಮ್ಮ ಕಚೇರಿಯಲ್ಲಿ ಯಾರೂ ಇಲ್ಲ.

ಸಂಪಾದಕ