ಕಾರಿನ ಸರ್ವೀಸ್‌ನಲ್ಲಿ ಯಾವ ಬಿಡಿಭಾಗಗಳನ್ನು ನಿಜವಾಗಿ ಬದಲಿಸಬೇಕು?

ಪೆಟ್ರೋಲ್ ಕಾರನ್ನು ಸರ್ವೀಸ್‌ಗೆ ಬಿಟ್ಟಾಗ ಕೈಗೆ ಬರುವ ಉದ್ದನೆಯ ಅಂದಾಜು ಪಟ್ಟಿಯಲ್ಲಿ ಯಾವುದು ಅಗತ್ಯ, ಯಾವುದು ಅಲ್ಲ ಎಂದು ಕೇಳಿದ್ದೀರಿ. ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ ವಿಷಯದಲ್ಲಿ ಚರ್ಚೆಯೇ ಬೇಡ: ನಮ್ಮಲ್ಲಿನ ಹೆಚ್ಚಿನ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಆಗ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಏರ್ ಫಿಲ್ಟರಿನ ಆಯಸ್ಸು ನೀವು ಓಡಾಡುವ ರಸ್ತೆಯ ಧೂಳನ್ನು ಅವಲಂಬಿಸಿದೆ.

ಹೆಚ್ಚಿನವರು ಕಡೆಗಣಿಸುವುದು ಬ್ರೇಕ್ ಫ್ಲೂಯಿಡನ್ನು, ಅಂದರೆ ಪೆಡಲಿನ ಒತ್ತಡವನ್ನು ಚಕ್ರಗಳ ಬ್ರೇಕಿಗೆ ಮುಟ್ಟಿಸುವ ದ್ರವವನ್ನು. ಅದು ಗಾಳಿಯ ತೇವಾಂಶವನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ ಅದರ ಕುದಿಬಿಂದು ಇಳಿಯುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕ್ ಸತತವಾಗಿ ಬಿಸಿಯಾದರೆ ಒಳಗೆ ಆವಿಯ ಗುಳ್ಳೆಗಳೆದ್ದು, ಪೆಡಲ್ ಒತ್ತಿದರೂ ಹಿಡಿತ ಸಿಗದೆ ಹೋಗಬಹುದು. ಆದ್ದರಿಂದ ಕಾರು ಮನೆಯ ಮುಂದೆಯೇ ನಿಂತಿದ್ದರೂ ಈ ಫ್ಲೂಯಿಡನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ರೇಕ್ ಪ್ಯಾಡ್‌ಗೆ ಇಂಥ ಕಾಲಮಿತಿಯಿಲ್ಲ. ಉಜ್ಜುವ ಪದರ ಸುಮಾರು 3 ಮಿ.ಮೀ.ಗೆ ಇಳಿದಾಗ ಬದಲಿಸಿದರೆ ಸಾಕು. ಅಳತೆಯನ್ನು ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ.

ಸ್ಪಾರ್ಕ್ ಪ್ಲಗ್‌ಗಳಲ್ಲಿ ನಿಕಲ್ ತುದಿಯವು ಬೇಗ ಸವೆಯುತ್ತವೆ, ಇರಿಡಿಯಂ ತುದಿಯವು ಹೆಚ್ಚು ಕಾಲ ಬಾಳುತ್ತವೆ. ಎಂಜಿನ್‌ನಲ್ಲಿ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸಲು ಚೈನಿನ ಬದಲು ಟೈಮಿಂಗ್ ಬೆಲ್ಟ್ ಇದ್ದರೆ ಅದರ ಅವಧಿಯನ್ನು ಮಾತ್ರ ಮೀರಬೇಡಿ, ಏಕೆಂದರೆ ಓಡುತ್ತಿರುವಾಗ ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ದೊಡ್ಡ ಖರ್ಚಿಗೆ ದಾರಿಯಾಗುತ್ತದೆ.

ಎಂಜಿನ್ ಫ್ಲಶ್‌ನಂಥ (ಎಂಜಿನ್ನಿನ ಒಳಭಾಗವನ್ನು ರಾಸಾಯನಿಕ ಹಾಕಿ ತೊಳೆಯುವ) ಸೇವೆಗಳು ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿ ಇಲ್ಲವಾದರೆ ನಾನಂತೂ ಬೇಡವೆನ್ನುತ್ತೇನೆ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಬೇಕೆಂದು ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ (ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಚೀಟಿಯಲ್ಲಿ) ಬರೆಸಿ.