ಆಫ್ ಮಾಡಿ ನಿಲ್ಲಿಸಿದ ಪಿಕಪ್‌ಗೂ ಬೆಂಕಿ ಹಿಡಿಯುತ್ತಾ?

ಮಲ್ಪೆಯಿಂದ ಮೀನು ಸಾಗಿಸುವ ಪಿಕಪ್ ನಿಮ್ಮದು, ಕೀ ತೆಗೆದು ನಿಲ್ಲಿಸಿದ್ದಾಗಲೂ ಬೆಂಕಿ ಹಿಡಿಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಿಡಿಯಬಹುದು. ಕೀ ತೆಗೆದರೂ ಕೆಲವು ವೈರ್‌ಗಳಲ್ಲಿ ಬ್ಯಾಟರಿ ಕರೆಂಟ್ ಇದ್ದೇ ಇರುತ್ತದೆ.

ಅಮೆರಿಕದಲ್ಲಿ ಫೋರ್ಡ್ ಎಫ್-150 ಪಿಕಪ್‌ಗಳು ನಿಂತಲ್ಲೇ ಉರಿದದ್ದು ಹೀಗೆಯೇ. ಕಾರಣ, ಕ್ರೂಸ್ ಕಂಟ್ರೋಲ್‌ನ (ಗಾಡಿಯ ವೇಗವನ್ನು ತಾನಾಗೇ ಒಂದೇ ಸಮ ಇಡುವ ವ್ಯವಸ್ಥೆ) ಒಂದು ಸಣ್ಣ ಸ್ವಿಚ್. ಅದರೊಳಗೆ ಬ್ರೇಕ್ ಆಯಿಲ್ ಸೋರಿ, ಸದಾ ಕರೆಂಟ್ ಇರುವ ಜಾಗ ಕಾದು ಹೊತ್ತಿಕೊಳ್ಳುತ್ತಿತ್ತು. ಆ ಸ್ವಿಚ್‌ಗಾಗಿ 2009ರಲ್ಲೇ ಸುಮಾರು 45 ಲಕ್ಷ ವಾಹನಗಳನ್ನು ಕಂಪನಿ ರೀಕಾಲ್ ಮಾಡಿತು, ಅಂದ್ರೆ ಸರಿಪಡಿಸಲು ವಾಪಸ್ ಕರೆಯಿತು.

ನಮ್ಮ ಕರಾವಳಿಯಲ್ಲಿ ನನಗೆ ಜಾಸ್ತಿ ಭಯ ಉಪ್ಪುನೀರಿನದ್ದು. ಮೀನಿನ ಬಾಕ್ಸ್‌ನಿಂದ ಸೋರುವ ಐಸ್ ನೀರು ಹಿಂದಿನ ಲೈಟಿನ ಕನೆಕ್ಟರ್‌ಗೆ ಇಳಿಯುತ್ತದೆ. ಒಮ್ಮೆ ಬಿಚ್ಚಿ ನೋಡಿ, ತಾಮ್ರದ ಮೇಲೆ ಹಸಿರು ಪುಡಿ ಕೂತಿರುತ್ತದೆ. ಕರೆಂಟಿಗೆ ಅಲ್ಲಿ ತಡೆ ಜಾಸ್ತಿ, ಹಾಗಾಗಿ ಅಲ್ಲೇ ಬಿಸಿ. ಪ್ಲಾಸ್ಟಿಕ್ ಕರಗುತ್ತಿದ್ದರೂ ಫ್ಯೂಸ್ ಹೋಗುವುದಿಲ್ಲ, ಯಾಕಂದ್ರೆ ಹರಿಯುವ ಕರೆಂಟ್ ಜಾಸ್ತಿ ಆಗಿರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಇದನ್ನು ನೋಡಿಸಲೇಬೇಕು.

ಎಕ್ಸ್‌ಟ್ರಾ ಲೈಟ್ ಹಾಕಿಸಿದ್ದೀರಾ? 100 ವ್ಯಾಟಿನ ಎರಡು ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 17 ಆಂಪಿಯರ್ ಎಳೆಯುತ್ತವೆ. 15ರ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಸುಮ್ನೆ 30ರದ್ದು ಹಾಕಿದರೆ, ಫ್ಯೂಸಿನ ಬದಲು ವೈರೇ ಸುಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ದಪ್ಪ ವೈರ್, ಆ ಲೈಟಿಗೇ ಅಂತ ಪ್ರತ್ಯೇಕ ಫ್ಯೂಸ್ ಹಾಕಿಸಿ.

ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ, ಇಳಿದು ದೂರ ಹೋಗಿ. ಹೊಗೆ ಬರುವಾಗ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭಗ್ ಅಂತ ಏಳುತ್ತದೆ. 112ಕ್ಕೆ ಫೋನ್ ಮಾಡಿ.