ಕಿರಿಬಾಟಿಯಂಥ ಪುಟ್ಟ ದ್ವೀಪ ದೇಶಕ್ಕೆ ಆದಾಯ ಎಲ್ಲಿಂದ ಬರುತ್ತದೆ?

ಹೆಚ್ಚಿನದು ಮೀನಿನಿಂದ. ಅವರೇ ಹಿಡಿದು ಮಾರುವ ಮೀನಲ್ಲ. ಅವರ ಕಡಲಲ್ಲಿ ಟ್ಯೂನಾ ಹಿಡಿಯಲು ಬೇರೆ ದೇಶಗಳ ಹಡಗುಗಳು ಕಟ್ಟುವ ಶುಲ್ಕ.

ಕಿರಿಬಾಟಿಯ ನೆಲ ಒಟ್ಟು ಸೇರಿಸಿದರೂ ಸುಮಾರು 811 ಚದರ ಕಿ.ಮೀ. ಆದರೆ ಅದರ 33 ದ್ವೀಪಗಳು ಪೆಸಿಫಿಕ್ ಸಾಗರದಲ್ಲಿ ದೂರ ದೂರ ಚದುರಿವೆ. ದ್ವೀಪಗಳ ಸುತ್ತ ಸುಮಾರು 370 ಕಿ.ಮೀ.ವರೆಗೆ ಮೀನಿನ ಹಕ್ಕು ಆ ದೇಶದ್ದೇ ಅನ್ನುತ್ತದೆ ಅಂತರರಾಷ್ಟ್ರೀಯ ಕಾನೂನು. ಹಾಗಾಗಿ ಅವರ ಪಾಲಿನ ಕಡಲು ಇಡೀ ಭಾರತದ ನೆಲಕ್ಕಿಂತ ಜಾಸ್ತಿ!

ಮೊದಲು ಬನಾಬಾ ದ್ವೀಪದ ಫಾಸ್ಫೇಟ್, ಅಂದರೆ ಗೊಬ್ಬರಕ್ಕೆ ಬಳಸುವ ಖನಿಜ, ಆಸರೆಯಾಗಿತ್ತು. 1979ರಲ್ಲಿ ಬ್ರಿಟನ್ನಿಂದ ಸ್ವಾತಂತ್ರ್ಯ ಸಿಕ್ಕಿತು. ಅದೇ ವರ್ಷ ಗಣಿಯೂ ಮುಗಿಯಿತು. ಎಂಥ ಅನ್ಯಾಯ ಅಲ್ವಾ?

ಮೀನಿನ ಆದಾಯವೂ ಒಂದೇ ಸಮ ಇರುವುದಿಲ್ಲ. ಎಲ್ ನಿನೋ, ಅಂದರೆ ಪೆಸಿಫಿಕ್‌ನ ನಡು ಮತ್ತು ಪೂರ್ವ ಭಾಗದ ನೀರು ಮಾಮೂಲಿಗಿಂತ ಬಿಸಿಯಾಗುವ ವರ್ಷಗಳಲ್ಲಿ, ಬೆಚ್ಚಗಿನ ನೀರಿನ ಜೊತೆ ಟ್ಯೂನಾ ಪೂರ್ವಕ್ಕೆ, ಇವರ ಕಡಲಿಗೆ ಸರಿಯುತ್ತದೆ. ಆಗ ಶುಲ್ಕ ಏರುತ್ತದೆ.